ಸರದಿಯನ್ನು ಸೊನ್ನೆ ಮಾಡಿದ ಸಿಸ್ಟರ್

ಡ್ಯೂಟಿ ಮುಗಿದ ಮೇಲೆ ಸಿಸ್ಟರ್ ಬಟ್ಟೆ ಬದಲಿಸುವ ಕೋಣೆಯ ಬೆಂಚಿನಲ್ಲಿ ಕುಳಿತು ಕಾಲಿನ ಬ್ಯಾಂಡೇಜು ಬಿಚ್ಚುತ್ತಿದ್ದರು. ಪಾದದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತಿದ ಕ್ರೇಪ್ ಬ್ಯಾಂಡೇಜು. ಅದು ಸುರುಳಿ ಬಿಟ್ಟಂತೆ ಒಳಗಿನ ನೀಲಿ ನರಗಳು ಕಾಣಿಸುತ್ತಿದ್ದವು. ಕಿರುಬೆರಳಿನಷ್ಟು ದಪ್ಪ, ಗಂಟು ಗಂಟು. ಮೊದಲ ಸಲ ನೋಡಿದಾಗ, ನರ್ಸಿಂಗ್ ಕಲಿತು ಬಂದವಳಾದರೂ, ನನಗೆ ಕಣ್ಣು ಕೀಳಲಾಗಲಿಲ್ಲ. ಅವರು ಕಾಲುಗಳನ್ನು ಗೋಡೆಗೆ ಆನಿಸಿ ಮೇಲೆತ್ತಿ, ಕಣ್ಣು ಮುಚ್ಚಿಕೊಂಡೇ ಹೇಳಿದರು: "ಎಂತ ನೋಡ್ತಿ ಬಾಯೆ? ಇದು ಸರಕಾರ ನನಗೆ ಮಾಡಿಸಿ ಕೊಟ್ಟ ಬಂಗಾರ. ನಿನಗೂ ಸಿಗ್ತದೆ, ಸ್ವಲ್ಪ ಕಾಯಿ."

ಬಾಯೆ ಅಂದರೆ ಕೊಂಕಣಿಯಲ್ಲಿ ಹುಡುಗೀ, ಮಗಳೇ ಎಂದ ಹಾಗೆ. ಅವರಿಗೆ ನಾವೆಲ್ಲರೂ ಬಾಯೆಯರೇ. ನಮಗೆ ಅವರು ಇನ್‌ಚಾರ್ಜ್ ಸಿಸ್ಟರ್. ಆಪರೇಷನ್ ಥಿಯೇಟರಿನ ಬಾಗಿಲಿನಿಂದ ಒಳಗಿನ ಲೋಕವೆಲ್ಲ ಅವರದು. ಅಲ್ಲಿ ಸರ್ಜನ್ ಕೂಡ ಚಪ್ಪಲಿ ಎಲ್ಲಿ ಬಿಡಬೇಕೆಂದು ಅವರ ಮುಖ ನೋಡಿಯೇ ಬಿಡುತ್ತಿದ್ದರು.

ನಮ್ಮದು ಮಂಗಳೂರಿನ ಅಂಚಿನ ಒಂದು ಸಣ್ಣ ಸರಕಾರಿ ಆಸ್ಪತ್ರೆ. ಹೆಸರು ಬರೆಯುವುದಿಲ್ಲ. ಬರೆದರೆ ಕೇಳಬೇಕಾದವರಿಗೆ ಏನೂ ಆಗುವುದಿಲ್ಲ, ನೋಟೀಸು ಬರುವುದು ನನಗೆ. ವಾಮಂಜೂರಿನಲ್ಲಿ ಬೀಡಿ ಕಟ್ಟಿ ನನ್ನನ್ನು ಓದಿಸಿದ ಅಮ್ಮನಿಗೆ ಮಗಳು ಸರಕಾರಿ ಆಸ್ಪತ್ರೆ ಸೇರಿದಳೆಂಬ ಹೆಮ್ಮೆ. ಗುತ್ತಿಗೆಯ ಕೆಲಸ ಎಂದು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ನನ್ನ ಲೆಕ್ಕ ಬೇರೆಯೇ ಇತ್ತು. ಇಲ್ಲಿ ಎರಡು ವರ್ಷ ಥಿಯೇಟರ್ ಅನುಭವ, ಆಮೇಲೆ ಕುವೈತ್. ನಮ್ಮ ಕಡೆಯ ಎಲ್ಲ ನರ್ಸುಗಳ ಲೆಕ್ಕವೂ ಅದೇ.

ಸಿಸ್ಟರ್ ಕಲಿಸುವ ರೀತಿಯೇ ಬೇರೆ. ಕತ್ತರಿ, ಚಿಮಟ, ಕ್ಲಾಂಪುಗಳನ್ನು ತಟ್ಟೆಯಲ್ಲಿಟ್ಟು ನಮ್ಮ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. ಮುಟ್ಟಿ ಹೇಳಬೇಕು. ತಪ್ಪಿದರೆ ಬೆರಳಿನ ಗೆಣ್ಣಿಗೆ ಅದೇ ಕ್ಲಾಂಪಿನಿಂದ ಒಂದು ಪೆಟ್ಟು. "ಡಾಕ್ಟರು ಕೇಳುವ ಮೊದಲೇ ಕೈಗೆ ಕೊಡುವವಳು ನರ್ಸು. ಕೇಳಿದ ಮೇಲೆ ಕೊಡುವವಳು ಹೋಟೆಲಿನ ಸಪ್ಲಾಯರು" ಎನ್ನುತ್ತಿದ್ದರು. ಹೊಟ್ಟೆಯೊಳಗೆ ಏನೂ ಉಳಿದಿಲ್ಲವೆಂದು ಖಚಿತ ಮಾಡಲು ಹತ್ತಿಬಟ್ಟೆಯ ತುಂಡುಗಳನ್ನು ಎಣಿಸುವಾಗ ಅವರಿಗೆ ಬರುತ್ತಿದ್ದುದು ಕೊಂಕಣಿ ಮಾತ್ರ. ಏಕ್, ದೋನ್, ತೀನ್. ತುಳುವಿನ ನಾನು, ಬ್ಯಾರಿ ಹುಡುಗಿಯರು, ಘಟ್ಟದ ಮೇಲಿನಿಂದ ಬಂದವರು, ಎಲ್ಲರೂ ಹಾಗೆಯೇ ಎಣಿಸಲು ಕಲಿತೆವು. ಕುವೈತಿನಲ್ಲಿರುವ ನನ್ನ ಗೆಳತಿ ಈಗಲೂ ಹಾಗೆಯೇ ಎಣಿಸುತ್ತಾಳಂತೆ.

ಆ ಗೆಳತಿ ಹೊರಟ ದಿನ ಸಿಸ್ಟರ್ ಬೈಯುತ್ತಾರೆಂದು ಹೆದರಿದ್ದೆವು. ಹೌದಲ್ಲ, ಅಷ್ಟು ಕಷ್ಟಪಟ್ಟು ಕಲಿಸಿದ ಕೈಗಳು ಒಂದೊಂದಾಗಿ ವಿಮಾನ ಹತ್ತುತ್ತಿದ್ದವು. ಅವರು ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ ಹೇಳಿದರು: "ಹೋಗು ಬಾಯೆ. ಮೂರು ತಿಂಗಳಿಗೊಮ್ಮೆ ಸಂಬಳ ಕೊಡುವವರಿಗೆ ನಿನ್ನ ಪ್ರಾಯ ಯಾಕೆ ಕೊಡುದು?" ಆಮೇಲೆ ಒಳಗೆ ಬಂದು ನಮ್ಮ ಮೇಲೆ ಹರಿಹಾಯ್ದರು. ಟ್ರೇ ತೊಳೆದದ್ದು ಸರಿಯಾಗಲಿಲ್ಲ, ಟೊಪ್ಪಿ ಕಟ್ಟಿದ್ದು ಸರಿಯಾಗಲಿಲ್ಲ, ನಾವು ಉಸಿರಾಡಿದ್ದೂ ಸರಿಯಾಗಲಿಲ್ಲ. ಆ ಸಿಟ್ಟು ಯಾರ ಮೇಲಿನದು ಎಂದು ಎಲ್ಲರಿಗೂ ಗೊತ್ತಿತ್ತು.

ಈಗ ಎರಡನೇ ಥಿಯೇಟರಿನ ಮಾತು. ಅದನ್ನು ಹೇಳದೆ ಸಿಸ್ಟರ್ ಬಗ್ಗೆ ಹೇಳಿದಂತಾಗುವುದಿಲ್ಲ.

ನಾನು ಸೇರುವ ಮೊದಲೇ ಅದು ಕಟ್ಟಿ ಮುಗಿದಿತ್ತು. ನುಣುಪಾದ ಟೈಲ್ಸು, ದೊಡ್ಡ ದೀಪ, ಹೊಸ ಮೇಜು, ಅರಿವಳಿಕೆ ಕೊಡುವ ಯಂತ್ರ. ಟೇಪು ಕತ್ತರಿಸಿದರು, ಕಲ್ಲಿನ ಫಲಕ ಹಾಕಿದರು, ಗೋಡಂಬಿ ತಿಂದರು, ಹೋದರು. ಕೆಲಸ ಮಾಡುವ ಜನ ಮಾತ್ರ ಬರಲಿಲ್ಲ. ಮತ್ತೊಬ್ಬ ಅರಿವಳಿಕೆ ಡಾಕ್ಟರಿಲ್ಲ, ನರ್ಸುಗಳಿಲ್ಲ, ಟೆಕ್ನಿಷಿಯನ್ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ನಮ್ಮ ಆಸ್ಪತ್ರೆಯನ್ನು ನೋಡಿಯೇ ಹುಟ್ಟಿರಬೇಕು. ಬೀಗ ಜಡಿದ ಆ ಬಾಗಿಲಿನ ಈಚೆ, ಒಂದೇ ಥಿಯೇಟರಿನಲ್ಲಿ, ಒಬ್ಬರೇ ಸರ್ಜನ್ ದಿನಕ್ಕೆ ಆದಷ್ಟು ಮಾಡುತ್ತಿದ್ದರು. ಆಚೆ ಜಗಲಿಯಲ್ಲಿ ಸರದಿ ಬೆಳೆಯುತ್ತಿತ್ತು. ಹರ್ನಿಯಾ, ಪಿತ್ತಕೋಶದ ಕಲ್ಲು, ಗರ್ಭಕೋಶ ಜಾರಿದವರು, ಮೂಲವ್ಯಾಧಿ. ಸಾಯುವ ಕಾಯಿಲೆಗಳಲ್ಲ. ಬದುಕಲು ಬಿಡದ ಕಾಯಿಲೆಗಳು. ಅದಕ್ಕೇ ಯಾರಿಗೂ ಅವಸರವಿರಲಿಲ್ಲ.

ಸಿಸ್ಟರ್ ಪ್ರತಿ ಶನಿವಾರ ಮಧ್ಯಾಹ್ನ ಆ ಬೀಗ ತೆಗೆಸುತ್ತಿದ್ದರು. ಮಂಗಳೂರಿನ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಮುಚ್ಚಿಟ್ಟ ಮೇಜಿನ ರೆಕ್ಸಿನನ್ನು ಬಿಡುತ್ತದೆಯೇ? ನಾನು, ಅಟೆಂಡರ್, ಅವರು, ಮೂವರೂ ಸೇರಿ ಒರೆಸುತ್ತಿದ್ದೆವು. ಯಂತ್ರ ಚಾಲೂ ಮಾಡಿ ಸ್ವಲ್ಪ ಹೊತ್ತು ಓಡಿಸುತ್ತಿದ್ದರು. ಒಮ್ಮೆ ನಾನು ತಾಳ್ಮೆಗೆಟ್ಟು ಕೇಳಿದೆ, "ಯಾರಿಗೆ ಬೇಕಾಗಿ ಇದೆಲ್ಲ ಸಿಸ್ಟರ್? ಯಾರೂ ಬರುದಿಲ್ಲ ಇಲ್ಲಿಗೆ."

"ಬರ್ತಾರೆ. ಬರುವಾಗ ಯಂತ್ರ ಹಾಳಾಗಿದೆ ಅಂತ ಹೇಳ್ಲಿಕ್ಕೆ ಅವರಿಗೆ ಒಂದು ನೆವ ಸಿಗ್ಬಾರ್ದು. ಒರೆಸು."

ಅವರು ಮೇಲಿನವರಿಗೆ ಒಂದು ಪ್ರಸ್ತಾವನೆ ಕಳಿಸಿದ್ದರು. ಎರಡನೇ ಥಿಯೇಟರಿಗೆ ಖಾಯಂ ಜನ ಕೊಡಿ, ಕಲಿಸುವುದು ನನ್ನ ಹೊಣೆ, ಹತ್ತು ವರ್ಷ ಅವರನ್ನು ಕದಲಿಸಬೇಡಿ, ಸರದಿ ತಾನಾಗಿ ಕರಗುತ್ತದೆ ಎಂದು. ಇಷ್ಟೇ. ವಾಪಸು ಬಂದಾಗಲೆಲ್ಲ ಪುನಃ ಕಳಿಸುತ್ತಿದ್ದರು. ಹತ್ತು ವರ್ಷವೆಂದರೆ ಬಹಳವಾಯಿತಲ್ಲ ಎಂದು ಯಾರೋ ಕೇಳಿದ್ದಕ್ಕೆ, "ತೆಂಗಿನ ಸಸಿ ನೆಟ್ಟು ಆರು ತಿಂಗಳಿಗೆ ಬೊಂಡ ಕೇಳ್ಬಾರ್ದು ಮಾರಾಯ್ರೆ" ಎಂದಿದ್ದರು. ನಿವೃತ್ತಿಗೆ ಮೊದಲು ಆ ಬಾಗಿಲು ನಿಜವಾಗಿ ತೆರೆದದ್ದನ್ನು ನೋಡಬೇಕು ಎನ್ನುವುದೊಂದೇ ಅವರ ಆಸೆ. ಮದುವೆಯಿಲ್ಲ, ಮಕ್ಕಳಿಲ್ಲ. ಕಾವೂರಿನಲ್ಲಿ ಅಕ್ಕನ ಜೊತೆ ಒಂದು ಸಣ್ಣ ಮನೆ. ಬೇರೆ ಯಾವ ಆಸೆಯನ್ನೂ ಅವರ ಬಾಯಲ್ಲಿ ನಾನು ಕೇಳಿಲ್ಲ.

ಪ್ರಸ್ತಾವನೆ ಕೊನೆಗೊಮ್ಮೆ ಸ್ವಲ್ಪ ಮೇಲಕ್ಕೆ ಹತ್ತಿತು. ಈ ಸಲ ಆಗುತ್ತದೆ ಎಂದು ಆಫೀಸಿನವರೇ ಹೇಳಿದರು. ಅದೇ ಸಮಯಕ್ಕೆ ನಮ್ಮ ಭಾಗದ ಮುಖಂಡರು ಬಂದರು. ಜೊತೆಗೆ ಗಲ್ಫಿನಲ್ಲಿ ದುಡಿದು ಬಂದ ನಾಲ್ಕೈದು ಮಂದಿ ದಾನಿಗಳು. ದಾನಿಗಳ ಬಗ್ಗೆ ನಾನು ಕೆಟ್ಟದು ಹೇಳಲಾರೆ, ಅವರ ಮನಸ್ಸು ಚೊಕ್ಕವಿತ್ತು. ಮುಖಂಡರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹೇಳಿದರು: "ಸಿಸ್ಟರ್, ಒಂದು ದೊಡ್ಡ ಕ್ಯಾಂಪ್ ಮಾಡುವಾ. ಹೊರಗಿನ ಡಾಕ್ಟರುಗಳು ಬರ್ತಾರೆ, ನರ್ಸುಗಳು ಬರ್ತಾರೆ, ಸಾಮಾನು ಇವರದ್ದು. ಎರಡು ವಾರದಲ್ಲಿ ನಿಮ್ಮ ಲಿಸ್ಟ್ ಪೂರಾ ಕ್ಲಿಯರ್. ಖುಷಿಯಾ?"

"ಎರಡು ವಾರ ಆದ ಮೇಲೆ?" ಸಿಸ್ಟರ್ ಕೇಳಿದರು.

"ಆದ ಮೇಲೆ ಎಂತ? ಲಿಸ್ಟೇ ಇರುದಿಲ್ಲ ಅಲ್ವಾ!"

"ಜನ ಕಾಯಿಲೆ ಬೀಳುದನ್ನು ನಿಲ್ಲಿಸ್ತಾರಾ ಸರ್? ಬೇಸಿಗೆಯಲ್ಲಿ ನೀರಿಲ್ಲ ಅಂದ್ರೆ ನೀವು ಟ್ಯಾಂಕರ್ ಕಳಿಸ್ತೀರಿ. ಟ್ಯಾಂಕರ್ ಹೋದ ಮೇಲೆ ಪುನಃ ಕೊಡಪಾನ ಹಿಡ್ಕೊಂಡು ನಿಲ್ಲುದು ನಾವು. ನಾನು ಕೇಳಿದ್ದು ಬಾವಿ."

ಮುಖಂಡರಿಗೆ ಸಿಟ್ಟು ಬರಲಿಲ್ಲ. ನಕ್ಕರು. "ಬಾವಿ ತೋಡ್ಲಿಕ್ಕೆ ಹತ್ತು ವರ್ಷ ಬೇಕು ಅಂತ ನೀವೇ ಬರ್ದಿದ್ದೀರಿ ಸಿಸ್ಟರ್. ನನ್ನ ಕೈಯಲ್ಲಿ ಬರುವ ಎಲೆಕ್ಷನ್ ತನಕ ಮಾತ್ರ ಉಂಟು." ಇಂಥ ಜನರ ಬಾಯಿಂದ ನಾನು ಕೇಳಿದ ಒಂದೇ ಒಂದು ಸತ್ಯವಾದ ಮಾತು ಅದು.

ಸಿಸ್ಟರ್ ಆಗುವುದಿಲ್ಲ ಎಂದು ಹೇಳಿ ಎದ್ದು ಬಂದರು. ಥಿಯೇಟರಿನ ಮೆಟ್ಟಿಲಿನಲ್ಲಿ ಪಣಂಬೂರು ಬಂದರಿನ ಲೋಡಿಂಗ್ ಕೆಲಸದ ಒಬ್ಬ ಕುಳಿತಿದ್ದ. ದೊಡ್ಡ ಹರ್ನಿಯಾ. ಪಂಚೆಯ ಒಳಗೆ ಮೈ ಒರೆಸುವ ಬೈರಾಸು ಬಿಗಿದು ಕಟ್ಟಿಕೊಂಡು ತಿರುಗುತ್ತಿದ್ದ. ಭಾರ ಎತ್ತಲಾಗದೆ ಕೆಲಸ ಬಿಟ್ಟು ವರ್ಷ ದಾಟಿತ್ತು. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. "ಕ್ಯಾಂಪ್ ಉಂಟಂತೆ ಅಲ್ವಾ ಸಿಸ್ಟರ್? ನನ್ನ ಹೆಸರು ಬರ್ತದಲ್ಲ?"

ಸಿಸ್ಟರ್ ಅವನನ್ನೇ ನೋಡುತ್ತ ನಿಂತರು. ಬಾಯಲ್ಲಿ ಬಂದದ್ದು "ಬರ್ತದೆ" ಎಂಬ ಒಂದೇ ಮಾತು. ಮರಳಿ ಹೋಗಿ ಮುಖಂಡರಿಗೆ ಆಯಿತೆಂದು ಹೇಳಿ ಬಂದರು. ಬಂದವರೇ ನನ್ನ ಕೈಗೆ ಎರಡನೇ ಥಿಯೇಟರಿನ ಕೀಲಿ ಕೊಟ್ಟರು.

ಮಾಡುವುದಾದರೆ ಚೆಂದಕ್ಕೆ ಮಾಡಬೇಕು, ಇಲ್ಲವಾದರೆ ಮುಟ್ಟಬಾರದು. ಇದು ಅವರ ದೊಡ್ಡ ಗುಣ. ಅದೇ ಅವರಿಗೆ ಮುಳುವಾಯಿತು. ಆ ಎರಡು ವಾರ ನಮ್ಮ ಆಸ್ಪತ್ರೆ ಹೇಗೆ ಓಡಿತು ಎಂದು ಕಂಡವರಿಗೇ ಗೊತ್ತು. ಎರಡೂ ಥಿಯೇಟರುಗಳಲ್ಲಿ ದೀಪ. ಒಂದು ಮೇಜು ಖಾಲಿಯಾಗುವಷ್ಟರಲ್ಲಿ ಇನ್ನೊಂದು ಸಿದ್ಧ. ಯಂತ್ರ ಒಂದು ಸಲವೂ ಕೈಕೊಡಲಿಲ್ಲ. ಶನಿವಾರಗಳ ಆ ಒರೆಸಾಟ ಯಾಕೆಂದು ನನಗೆ ಆಗ ತಿಳಿಯಿತು. ಹೊರಗಿನಿಂದ ಬಂದ ದೊಡ್ಡ ಡಾಕ್ಟರೊಬ್ಬರು, "ಇಷ್ಟು ಒಳ್ಳೆಯ ಥಿಯೇಟರ್ ಇಟ್ಕೊಂಡು ಬೀಗ ಯಾಕೆ ಹಾಕಿದ್ದೀರಿ?" ಎಂದು ಕೇಳಿದರು. ಸಿಸ್ಟರ್, "ಕಳ್ಳರು ಬರಬಾರ್ದು ಅಂತ" ಎಂದರು. ನಾವು ಮಾಸ್ಕಿನ ಒಳಗೆ ನಕ್ಕೆವು. ಅವರ ಕಾಲಿನ ಬ್ಯಾಂಡೇಜು ಸಂಜೆಗೆ ಒದ್ದೆಯಾಗಿರುತ್ತಿತ್ತು. ಕುಳಿತುಕೊಳ್ಳಿ ಎಂದರೆ ಬೈಗುಳ.

ಕೊನೆಯ ದಿನಗಳು. ಪಟ್ಟಿಯಲ್ಲಿ ಇನ್ನು ಕೆಲವೇ ಹೆಸರು ಉಳಿದಿದ್ದವು. ನಮ್ಮ ಸರ್ಜನ್ ಸಿಸ್ಟರನ್ನು ಮೂಲೆಗೆ ಕರೆದರು. ಒಳ್ಳೆಯ ಮನುಷ್ಯ, ಸರಕಾರಿ ನೌಕರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಕೈ ತೊಳೆಯುತ್ತಿದ್ದ ನನಗೆ ಅವರ ಮಾತು ಕೇಳಿಸಿತು.

"ಪೂರ್ತಿ ಮುಗಿಸ್ಬೇಡಿ ಸಿಸ್ಟರ್. ಒಂದು ಹತ್ತು ಹದಿನೈದು ಹೆಸರು ಉಳಿಯಲಿ. ಲಿಸ್ಟ್ ಇದ್ರೆ ಮಾತ್ರ ನಿಮ್ಮ ಫೈಲಿಗೆ ಬೆಲೆ. ಖಾಲಿ ಮಾಡಿ ತೋರಿಸಿದ್ರೆ ಮೇಲಿನವರು ಎಂತ ಹೇಳ್ತಾರೆ ಅಂತ ನಿಮಗೆ ಗೊತ್ತುಂಟು."

ಸಿಸ್ಟರಿಗೆ ಗೊತ್ತಿತ್ತು. ನನಗಿಂತ, ಆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಪಟ್ಟಿಯ ಹಾಳೆಯನ್ನು ಡಾಕ್ಟರ ಮುಂದೆ ಹಿಡಿದರು.

"ಸರಿ ಡಾಕ್ಟರೇ. ಯಾರನ್ನು ಬಿಡುವಾ? ಹೆಸರು ಹೇಳಿ. ನಾನೇ ಹೊರಗೆ ಹೋಗಿ ಅವರನ್ನು ಮನೆಗೆ ಕಳಿಸ್ತೇನೆ."

ಡಾಕ್ಟರು ಹಾಳೆಯ ಮೇಲೆ ಕಣ್ಣಾಡಿಸಿದರು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಆ ಹೆಸರಿನವರೆಲ್ಲ ಹೊರಗಿನ ಬೆಂಚಿನಲ್ಲೇ, ಬೆಳಗಿನಿಂದ ಉಪವಾಸ ಕುಳಿತಿದ್ದರು. ಡಾಕ್ಟರು ಹಾಳೆಯನ್ನು ವಾಪಸು ಕೊಟ್ಟು, "ಮುಂದಿನವರನ್ನು ಕರೀರಿ" ಎಂದು ಹೇಳಿ ಗ್ಲೌಸು ಹಾಕಿಕೊಂಡರು.

ಹೀಗೆ ಸರದಿ ಮುಗಿಯಿತು. ಮುಖಂಡರು ಫೋಟೋದವರನ್ನು ಕರೆದುಕೊಂಡು ಬಂದರು. ಥರ್ಮೋಕೋಲಿನಲ್ಲಿ ಕೊಡೆಯಷ್ಟು ದೊಡ್ಡ ಒಂದು ಸೊನ್ನೆ ಮಾಡಿಸಿದ್ದರು, ಅಂಚಿಗೆ ಜರಿ ಅಂಟಿಸಿ. ಅದನ್ನು ಸಿಸ್ಟರ ಕೈಗೆ ಕೊಟ್ಟು ನಡುವೆ ನಿಲ್ಲಿಸಿದರು. ಅವರು ನಗಲಿಲ್ಲ. ತುಟಿ ಮಾತ್ರ ಅಲುಗಿತು. ಪಕ್ಕದಲ್ಲಿದ್ದ ನನಗೆ ಕೇಳಿಸಿತು: "ಸಾಯ್ಬಾ ಭೊಗೊಸ್." ದೇವರೇ, ಕ್ಷಮಿಸು. ಮರುದಿನ ಪೇಪರಿನಲ್ಲಿ ಆ ಫೋಟೋ ಬಂತು. ನನ್ನ ಅಮ್ಮ ಅದನ್ನು ಕತ್ತರಿಸಿ ಇಟ್ಟುಕೊಂಡಳು.

ಮಳೆ ಹಿಡಿಯುವ ಹೊತ್ತಿಗೆ ಪ್ರಸ್ತಾವನೆ ಹಿಂದಿರುಗಿ ಬಂತು. ಸದರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಬಾಕಿ ಇರುವ ರೋಗಿಗಳ ಸಂಖ್ಯೆ ಶೂನ್ಯವಾಗಿರುವುದರಿಂದ ಹೆಚ್ಚುವರಿ ಹುದ್ದೆಗಳ ಅಗತ್ಯ ಕಂಡುಬರುವುದಿಲ್ಲ. ಸಾಕ್ಷಿಗೆ ಪೇಪರಿನ ಆ ಫೋಟೋದ ಪ್ರತಿಯನ್ನೂ ಜೊತೆಗಿಟ್ಟಿದ್ದರು. ಎಂಥಾ ಜನ ಇವರು! ಬೆನ್ನಿಗೆ ಇರಿಯುವುದಲ್ಲದೆ ಆ ಚೂರಿಯನ್ನು ನಮ್ಮ ಕೈಯಿಂದಲೇ ಪಡೆಯುತ್ತಾರೆ.

ಸಿಸ್ಟರ್ ಅದನ್ನು ನಿಂತುಕೊಂಡೇ ಓದಿದರು. ನಾನು ಅಳುತ್ತಿದ್ದೆ. ಅವರು ಅಳಲಿಲ್ಲ, ನಕ್ಕರು. "ನೋಡು ಬಾಯೆ. ಚೆಂದಕ್ಕೆ ಕೆಲಸ ಮಾಡಿದ್ದಕ್ಕೆ ಶಿಕ್ಷೆ. ಸ್ವಲ್ಪ ಸೋಮಾರಿಗಳಾಗಿದ್ರೆ ನಾಲ್ಕು ನರ್ಸುಗಳು ಸಿಗ್ತಿದ್ರು." ರಜೆ ಹಾಕಿ ಮೇಲಿನ ಆಫೀಸಿಗೆ ತಾವೇ ಹೋದರು. ಸಂಜೆ ಬಂದಾಗ ಎಂತ ಆಯಿತು ಎಂದು ಕೇಳಿದೆ. "ಚಹ ಕೊಟ್ರು. ಚಹ ಒಳ್ಳೆದಿತ್ತು" ಎಂದು ಹೇಳಿ ಕಾಲಿನ ಬ್ಯಾಂಡೇಜು ಬಿಚ್ಚತೊಡಗಿದರು.

ಕ್ಯಾಂಪಿನವರು ಹೋದ ಮೇಲೆ ಎರಡನೇ ಥಿಯೇಟರಿಗೆ ಬೀಗ ಬಿದ್ದಿತ್ತು. ಸೊನ್ನೆ ಒಂದಾಯಿತು, ಹತ್ತಾಯಿತು. ಕ್ಯಾಂಪಿನ ಸುದ್ದಿ ಓದಿ ದೂರದೂರಿನವರೂ ಬಂದು ಹೆಸರು ಬರೆಸಿದರು. ಸಿಸ್ಟರ್ ನಿವೃತ್ತರಾಗುವ ಹೊತ್ತಿಗೆ ಸರದಿ ಮೊದಲಿಗಿಂತ ಉದ್ದವಾಗಿತ್ತು. ಬೀಳ್ಕೊಡುವ ದಿನ ಶಾಲು, ಹಣ್ಣಿನ ಬುಟ್ಟಿ, ಭಾಷಣ. ಅವರು ಎದ್ದು ನಿಂತು ಒಂದೇ ಮಾತು ಹೇಳಿದರು: "ಶನಿವಾರ ಯಾರಾದ್ರೂ ಆ ಕೋಣೆ ಒರೆಸಿ." ಯಾರು ಒರೆಸುವುದು? ಮುಂದಿನ ವಾರವೇ ಕೀಲಿಯನ್ನು ಸ್ಟೋರಿನವರು ತೆಗೆದುಕೊಂಡರು. ಈಗ ಅಲ್ಲಿ ಮುರಿದ ಮಂಚಗಳು, ಸಭೆಗಳಿಗೆ ಬೇಕಾಗುವ ಪ್ಲಾಸ್ಟಿಕ್ ಕುರ್ಚಿಗಳು ಇವೆ.

ನಾನು ಕುವೈತಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ, ನನ್ನ ಗಂಡ ತಿಂಗಳಿಗೊಮ್ಮೆಯಾದರೂ ಕೇಳುತ್ತಾನೆ. ನನ್ನ ಕೈಗೆ ಕಣ್ಣು ಕೊಟ್ಟವರು ಅವರು. ಆ ಕೈಯನ್ನು ತೆಗೆದುಕೊಂಡು ವಿಮಾನ ಹತ್ತಲು ನನಗಾಗಲಿಲ್ಲ. ಅಷ್ಟೇ. ಈಗ ನಾನೇ ಇನ್‌ಚಾರ್ಜ್. ಬಾಯಿಮಾತಿನಲ್ಲಿ ಇನ್‌ಚಾರ್ಜ್, ಕಾಗದದಲ್ಲಿ ಇವತ್ತಿಗೂ ಗುತ್ತಿಗೆ. ಇದನ್ನು ತ್ಯಾಗವೆಂದು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ.

ಒಂದು ಭಾನುವಾರ ಕಾವೂರಿನ ಅವರ ಮನೆಗೆ ಹೋಗಿದ್ದೆ. ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದರು. ಆ ನರಗಳಿಗೆ ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, "ನಿನ್ನ ಲಿಸ್ಟಿನಲ್ಲಿ ಇನ್ನೊಂದು ಹೆಸರು ಯಾಕೆ?" ಎಂದರು. ಚಹ ಕುಡಿಯುತ್ತ, ಬಹಳ ದಿನಗಳಿಂದ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟೆ. ಆ ಕ್ಯಾಂಪು ಪುನಃ ಬಂದರೆ ಒಪ್ಪುತ್ತೀರಾ ಎಂದು.

"ಒಪ್ತೇನೆ. ನಾಳೆ ಬಾವಿ ತೋಡ್ತೇವೆ, ನೀನು ಇವತ್ತು ಬಾಯಾರಿ ಸಾಯಿ ಅಂತ ಎದುರು ನಿಂತವನಿಗೆ ಹೇಳ್ಲಿಕ್ಕೆ ಆಗ್ತದಾ?" ಕಾಲನ್ನು ಸ್ಟೂಲಿನಿಂದ ಇಳಿಸಿದರು. "ಆದ್ರೆ ಆ ಸೊನ್ನೆಯನ್ನು ಕೈಯಲ್ಲಿ ಹಿಡಿಯುದಿಲ್ಲ ಬಾಯೆ. ಫೋಟೋ ಬೇಕಾದ್ರೆ ಆ ಬೀಗದ್ದು ತೆಗೀರಿ ಅಂತ ಹೇಳ್ತೇನೆ. ಅದೊಂದು ನನಗೆ ಆಗ ಹೊಳೀಲಿಲ್ಲ."

ಈ ಮಳೆಗಾಲದ ಶುರುವಿಗೆ ಅವರು ಹೋದರು. ಬೆಳಿಗ್ಗೆ ಪೂಜೆಗೆಂದು ಇಗರ್ಜಿಗೆ ಹೊರಟವರು ಅಂಗಳದಲ್ಲೇ ಕುಸಿದರಂತೆ. ಹೃದಯ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಇರಲಿಲ್ಲ. ದೇವರು ಅವರನ್ನು ಕಾಯಿಸಲಿಲ್ಲ, ಅಷ್ಟರ ಮಟ್ಟಿಗೆ ಅವನು ನಮ್ಮ ಇಲಾಖೆಗಿಂತ ವಾಸಿ.

ಆಸ್ಪತ್ರೆಯ ಮಹಡಿಯ ಹಾಲಿನಲ್ಲಿ ಸಂತಾಪ ಸಭೆ ಇಟ್ಟರು. ಮುಖಂಡರು ಬಂದರು, ಈಗ ಇನ್ನೂ ದೊಡ್ಡ ಹುದ್ದೆಯಲ್ಲಿದ್ದಾರೆ. ಸಿಸ್ಟರ ಫೋಟೋ ಎಂದು ಹೂಹಾರ ಹಾಕಿ ಇಟ್ಟದ್ದು ಅದೇ ಫೋಟೋ. ಸೊನ್ನೆಯನ್ನು ಕತ್ತರಿಸಿ ತೆಗೆದು ಮುಖವನ್ನು ಮಾತ್ರ ದೊಡ್ಡದು ಮಾಡಿಸಿದ್ದರು. ಸರದಿಯನ್ನು ಸೊನ್ನೆಗೆ ತಂದ ಮಹಾತಾಯಿ ಎಂದು ಭಾಷಣ ಮಾಡಿದರು. ಎರಡನೇ ಥಿಯೇಟರಿಗೆ ಅವರ ಹೆಸರಿಡುತ್ತೇವೆ, ಗ್ರಾನೈಟ್ ಫಲಕಕ್ಕೆ ಮಂಜೂರಾತಿ ಸಿಕ್ಕಿದೆ ಎಂದರು. ಚಪ್ಪಾಳೆ. ನನಗೆ ಕುಳಿತಿರಲು ಆಗಲಿಲ್ಲ. ಎದ್ದು ಕೇಳಿದೆ, "ಸರ್, ಫಲಕ ಹಾಕಿದ ಮೇಲೆ ಆ ಬಾಗಿಲು ತೆರೀತದಾ?"

ಮುಖಂಡರು ಹಿಂದಿನಂತೆಯೇ ನಕ್ಕರು. "ಹಂತ ಹಂತವಾಗಿ ಮಾಡುವಾ ಸಿಸ್ಟರ್, ಹಂತ ಹಂತವಾಗಿ."

ನಾನು ಅಲ್ಲಿಂದ ಕೆಳಗೆ ಬಂದೆ. ಥಿಯೇಟರಿನ ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಅವಳ ತಾಯಿ ಗರ್ಭಕೋಶ ಜಾರಿ, ಸರಿಯಾಗಿ ಕೂರಲಾರದೆ, ನಡೆಯಲಾರದೆ ಒದ್ದಾಡುತ್ತಿದ್ದರು. ವಾರದ ಹಿಂದೆ ನೋಡಿದ್ದೆವು. "ಅಮ್ಮನ ಆಪರೇಷನಿಗೆ ದಿನ ಸಿಕ್ತಾ ಸಿಸ್ಟರ್?" ಎಂದು ಕೇಳಿದಳು.

"ಬರುವ ವರ್ಷ. ಮಳೆಗಾಲ ಕಳೆದ ಮೇಲೆ" ಎಂದೆ. ಬೈಯಲಿ ಎಂದು ಕಾದು ನಿಂತೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಯಾರಾದರೂ ಬಾಯಿ ತುಂಬ ಬೈದಿದ್ದರೆ ನನಗೆ ಹಿತವಾಗುತ್ತಿತ್ತು.

ಅವಳು ಕೈ ಮುಗಿದಳು. "ಆಯ್ತು ಸಿಸ್ಟರ್. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ನನ್ನ ತಲೆ ಕೆಟ್ಟಿತು. "ಉಪಕಾರ ಎಂತದ್ದು ಮಾರಾಯ್ತಿ? ಬರುವ ವರ್ಷ ಅಂತ ಹೇಳುದು ಉಪಕಾರವಾ? ಬೈಯ್ಲಿಕ್ಕೆ ಬಾಯಿಲ್ವಾ ನಿಮಗೆ? ಮೇಲೆ ಕೂತಿದ್ದಾರೆ ಎಲ್ಲರೂ, ಹೋಗಿ ಕೇಳಿ, ನನ್ನ ಅಮ್ಮ ಯಾಕೆ ಕಾಯ್ಬೇಕು ಅಂತ ಕೇಳಿ!"

ಅವಳ ಮುಖ ಬಿಳುಚಿತು. ಎರಡೂ ಕೈಗಳಿಂದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ತಪ್ಪು ಮಾತಾಡಿದ್ರೆ ಕ್ಷಮಿಸಿ ಸಿಸ್ಟರ್. ನನಗೆ ಮಾತಾಡ್ಲಿಕ್ಕೆ ಗೊತ್ತಿಲ್ಲ. ಸಿಟ್ಟಿನಲ್ಲಿ ಲಿಸ್ಟಿನಿಂದ ಅಮ್ಮನ ಹೆಸರು ಮಾತ್ರ ತೆಗಿಬೇಡಿ."

ತೆಗೆಯುವುದಿಲ್ಲ ಎಂದೆ. ನಂಬಲಿಲ್ಲ. ತೋರಿಸಿ ಎಂದಳು. ಒಳಗಿನಿಂದ ಪಟ್ಟಿ ತಂದು ಅವಳ ತಾಯಿಯ ಹೆಸರಿನ ಕೆಳಗೆ ಬೆರಳಿಟ್ಟೆ. ಅವಳು ಅಕ್ಷರ ಅಕ್ಷರ ಕೂಡಿಸಿ ಓದಿ, ಇನ್ನೊಮ್ಮೆ ಓದಿ, ಮತ್ತೆ ನನಗೆ ಕೈ ಮುಗಿದು ಹೋದಳು.